ಅರ್ಧ ಮನಸ್ಸಿನಿಂದ ಬಂದವನನ್ನು ವಾಪಸ್ ಕಳಿಸಬೇಡ

ಮಗಾ, ನೀನು ಬುದ್ಧಿವಂತ, ಮನಸ್ಸೂ ಒಳ್ಳೇದು. ಆದರೆ ಯಾವುದನ್ನೂ ಒಂದೇ ಏಟಿಗೆ ತೀರ್ಮಾನ ಮಾಡಿಬಿಡ್ತೀಯ. ಕುಡಿತಕ್ಕೆ ಬಿದ್ದ ನಿನ್ನ ಗೆಳೆಯನ ಮಾತು ಬಂದಾಗಲೂ ಅಷ್ಟೇ. "ಅವನಿಗೇ ಬಿಡೋ ಮನಸ್ಸಿಲ್ಲ ತಾತ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಏನು ಉಪಯೋಗ?" ಅಂತೀಯ. ತಾನೇ ನೆಟ್ಟಗೆ ನಡೆದು ಬಂದು "ಡಾಕ್ಟ್ರೇ, ಬಿಡಿಸಿ" ಅಂತ ಕೈಮುಗಿಯೋ ಮನುಷ್ಯನನ್ನು ಕಾಯ್ತಾ ಕೂತರೆ ನಿನ್ನ ತಲೆಯೂ ನನ್ನ ಹಾಗೆ ನೆರೆತುಹೋಗುತ್ತೆ.

ನಮ್ಮ ಸಿಂಧಘಟ್ಟದವರ ಜೊತೆ, ಸುತ್ತಲ ಹಳ್ಳಿಯವರ ಜೊತೆ ಮಂಡ್ಯ, ಮೈಸೂರು, ಬೆಂಗಳೂರಿನ ಆಸ್ಪತ್ರೆ ಬೆಂಚುಗಳ ಮೇಲೆ ಎಷ್ಟೋ ಸಲ ಕೂತಿದ್ದೀನಿ. ಅಲ್ಲಿಗೆ ಬರೋರು ಎಂಥವರು ಅಂತ ಕೇಳು.

ಮೊದಲನೇದಾಗಿ, ಅವರು ಪೋಲಿಗಳಲ್ಲ. ಆಲೆಮನೆಯಲ್ಲಿ ಬೆವರು ಸುರಿಸೋನು, ಗಾರೆ ಕೆಲಸದವನು, ಲಾರಿ ಓಡಿಸೋನು, ಒಮ್ಮೊಮ್ಮೆ ಪಾಠ ಹೇಳೋ ಮೇಷ್ಟ್ರು. ದುಡೀತಾರೆ. ದುಡಿಯೋದರಿಂದಲೇ ಮನೆಯವರೂ "ಮೈಕೈ ನೋವಿಗೆ ಒಂದಿಷ್ಟು ಕುಡೀತಾನೆ" ಅಂತ ವರ್ಷಗಟ್ಟಲೆ ಸುಮ್ಮನಿರ್ತಾರೆ. ಬರೋ ಹೊತ್ತಿಗೆ ಕಬ್ಬಿನ ದುಡ್ಡು ಹೋಗಿರುತ್ತೆ, ಹೆಂಡತಿ ಓಲೆ ಅಡ ಇಟ್ಟಾಗಿರುತ್ತೆ, ಬೆಳಗ್ಗೆ ಎದ್ದು ಕಾಫಿ ಲೋಟ ಹಿಡಿಯೋಕೆ ಕೈ ನಡುಗ್ತಿರುತ್ತೆ.

ಭಾಷಣ ಕೇಳಿ ಬಂದವರನ್ನು ನಾನು ಕಂಡಿಲ್ಲ. ಫಿಟ್ಸ್ ಬಂದು ಗದ್ದೆ ಬದುವಿನ ಮೇಲೆ ಬಿದ್ದವನು ಬರ್ತಾನೆ. ಹೆಂಡತಿ ತವರಿಗೆ ಹೋದಳು ಅಂತ ಬರ್ತಾನೆ. ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಕಾಮಾಲೆಗೆ ಔಷಧಿ ಕೇಳೋಕೆ ಬಂದು ಕುಡಿತದ ವಿಷಯಕ್ಕೆ ಸಿಕ್ಕಿಬೀಳ್ತಾನೆ. ತಾಯಿ ಪಕ್ಕದಲ್ಲಿ ಕೂತು ಸೆರಗಲ್ಲಿ ಕಣ್ಣು ಒರೆಸ್ಕೊತಿದ್ದರೆ ಇವನು ಗೋಡೆ ನೋಡ್ತಾ, "ನಂಗೇನಾಗಿದೆ, ಬೇಕು ಅಂದಾಗ ಬಿಡ್ತೀನಿ" ಅಂತಾನೆ. ಇದೇ ಅರ್ಧ ಮನಸ್ಸು. ಬಾಯಿ ಬೇಡ ಅನ್ನುತ್ತೆ, ಕಾಲು ಮಾತ್ರ ಆಸ್ಪತ್ರೆ ಬಾಗಿಲಿಗೆ ಬಂದಿರುತ್ತೆ. ನೀನು ಬಾಯಿ ಮಾತು ಬಿಟ್ಟು ಕಾಲನ್ನು ನಂಬು. ಉಳಿದರ್ಧ ಮನಸ್ಸು ಚಿಕಿತ್ಸೆ ಶುರುವಾದ ಮೇಲೆ, ನಾಲ್ಕು ದಿನ ನಿದ್ದೆ ಬಂದು, ಅನ್ನ ರುಚಿಸಿದ ಮೇಲೆ ಬರುತ್ತೆ.

ಸುಳ್ಳು ಹೇಳ್ತಾನೆ, ಅದಕ್ಕೂ ಸಿದ್ಧನಾಗಿರು. ದಿನಕ್ಕೆ ಮೂರು ಕ್ವಾರ್ಟರ್ ಹಾಕೋನು ಡಾಕ್ಟ್ರ ಮುಂದೆ "ಒಂದು ನೈಂಟಿ" ಅಂತಾನೆ. ನೀನು ಪಕ್ಕದಿಂದ "ಸುಳ್ಳು ಸಾರ್" ಅಂತ ಎದ್ದು ನಿಲ್ಲಬೇಡ. ಅದು ಅವನನ್ನು ನಾಚಿಕೆಪಡಿಸೋ ಮಾತು. ಡಾಕ್ಟರು ಇಂಥವರನ್ನು ದಿನಾ ನೋಡ್ತಾರೆ, ಮನೆಯವರನ್ನು ಬೇರೆ ಕೂರಿಸಿಕೊಂಡು ಕೇಳ್ತಾರೆ. ಆಗ ಲೆಕ್ಕ ಸರಿಯಾಗಿ ಹೇಳು, ಯಾಕಂದ್ರೆ ಔಷಧಿಯ ಪ್ರಮಾಣ ಆ ಲೆಕ್ಕದ ಮೇಲೆ ನಿಂತಿರುತ್ತೆ.

ಇನ್ನೊಂದು ಗುಣ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಬಂದವರಲ್ಲಿ ಹೆಚ್ಚಿನವರು ಮೊದಲೇ ಬಿಟ್ಟು ನೋಡಿದವರು. ದೇವರ ಮುಂದೆ ಆಣೆ ಇಟ್ಟಿರ್ತಾರೆ, ಮಗುವಿನ ತಲೆ ಮುಟ್ಟಿರ್ತಾರೆ. ಅಯ್ಯಪ್ಪನ ಮಾಲೆ ಹಾಕಿ 41 ದಿನ ಒಂದು ತೊಟ್ಟೂ ಮುಟ್ಟದೆ ಇದ್ದು, ಮಾಲೆ ತೆಗೆದ ಸಂಜೆಗೇ ವೈನ್ ಸ್ಟೋರ್ ಮುಂದೆ ನಿಂತವರಿದ್ದಾರೆ. ಊರು ನಕ್ಕಿತು. ನಾನು ಹೇಳ್ತೀನಿ, 41 ದಿನ ಬಿಟ್ಟವನಿಗೆ ಛಲ ಇಲ್ಲ ಅನ್ನಬೇಡ. ಬಿಡೋದು ಅವನಿಗೆ ಗೊತ್ತು. 42ನೇ ದಿನ ಹೇಗೆ ಇರಬೇಕು ಅನ್ನೋದನ್ನು ಯಾರೂ ಕಲಿಸಿಲ್ಲ, ಅಷ್ಟೇ.

ಗಾಂಜಾ ಹುಡುಗರ ಕಥೆ ಸ್ವಲ್ಪ ಬೇರೆ. ನಿನ್ನ ವಯಸ್ಸಿನವರೇ. ಓದಿನ ಒತ್ತಡ ಅಂತ ಮನೆಯವರು ತಿಳೀತಾರೆ, ಇಲ್ಲ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸ್ತಾರೆ. ಹುಡುಗ "ಯಾರೋ ನನ್ನ ಹಿಂದೆ ಬರ್ತಿದ್ದಾರೆ" ಅಂತ ರಾತ್ರಿಯೆಲ್ಲ ಎದ್ದು ಕೂತ ಮೇಲೆ ಮನೋವೈದ್ಯರ ನೆನಪಾಗುತ್ತೆ. ಪೊಲೀಸರ ಭಯ ಬೇರೆ. ಅದಕ್ಕೊಂದು ಮಾತು ಹೇಳು ಅವನಿಗೆ. 1985ರ ಮಾದಕ ವಸ್ತುಗಳ ಕಾಯ್ದೆಯಲ್ಲಿ 64ಎ ಅನ್ನೋ ಕಲಂ ಇದೆ. ಬಳಕೆಗೋ, ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಕೇಸು ಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ತಗೊಂಡರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಹೆಣ್ಣುಮಕ್ಕಳನ್ನು ಆ ಬೆಂಚುಗಳ ಮೇಲೆ ನೋಡಿದ್ದು ತೀರಾ ಅಪರೂಪ. ಕುಡಿಯೋರು ಇಲ್ಲ ಅಂತಲ್ಲ. ಗಂಡಸಾದರೆ ಹೆಂಡತಿ ಕೈಹಿಡಿದು ತರ್ತಾಳೆ, ಹೆಂಗಸಾದರೆ ತರೋರೇ ಇಲ್ಲ. ಇದು ನನಗೆ ಬಹಳ ಸಂಕಟದ ವಿಷಯ.

ಒಟ್ಟಾರೆ ಎಷ್ಟು ಜನ ಬರ್ತಾರೆ ಗೊತ್ತಾ? ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್‌ನವರು ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಸೇರಿದವನು 180ಕ್ಕೆ ಒಬ್ಬ. ಬರೋರು ಕಡಿಮೆ ಅಂದ್ರೆ ಕುಡಿಯೋರು ಕಡಿಮೆ ಅಂತಲ್ಲ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಾಗ ಕುಡಿತ ನಿಂತೇಹೋಯ್ತು ಅಂತ ಹಿಗ್ಗಿದವರು ಬಹಳ. ಪ್ಯಾಕೆಟ್ ಹೋಗಿ ಬಾಟ್ಲಿ ಬಂತು, ಕುಡಿಯೋನು ಅವನೇ ಉಳಿದ.

ಈಗ ನಿನ್ನ ಆತುರಕ್ಕೆ ಕಡಿವಾಣ ಹಾಕೋ ಮಾತು. "ನಾಳೆಯಿಂದ ಒಂದು ತೊಟ್ಟೂ ಕೊಡಬೇಡಿ, ರೂಮಲ್ಲಿ ಕೂಡಿಹಾಕಿ" ಅನ್ನಬೇಡ. ವರ್ಷಗಟ್ಟಲೆ ದಿನಾ ಕುಡಿದವನು ದಿಢೀರನೆ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣೋದು, ಬೆವರು, ಜ್ವರ, ಗಾಬರಿ, ಹೊತ್ತುಗೊತ್ತು ತಿಳಿಯದ ಹಾಗೆ ಆಗೋದು. ಅದರಲ್ಲಿ ಜೀವ ಹೋಗೋದೂ ಉಂಟು. ಅದಕ್ಕೇ ಡಾಕ್ಟರು ಮಾತ್ರೆ ಕೊಟ್ಟು ಅದರ ಪ್ರಮಾಣವನ್ನು ದಿನದಿಂದ ದಿನಕ್ಕೆ ಇಳಿಸ್ತಾರೆ, ತಯಾಮಿನ್ ಇಂಜೆಕ್ಷನ್ ಹಾಕ್ತಾರೆ. ಹಾಗೇ, "ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ" ಅನ್ನೋ ಪುಡಿ, ಮಾತ್ರೆಗಳ ಜಾಹೀರಾತು ನಂಬಬೇಡ. ಡೈಸಲ್ಫಿರಾಮ್ ಅನ್ನೋ ಮಾತ್ರೆ ಇದೆ, ಅದನ್ನು ತಗೊಂಡು ಕುಡಿದರೆ ಎದೆ ಹೊಡೆದುಕೊಂಡು ರಕ್ತದೊತ್ತಡ ಕುಸಿಯುತ್ತೆ. ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡೋ ಔಷಧಿ ಅದು. ಕದ್ದು ಹಾಕಿದರೆ ವಿಷ ಇಟ್ಟಂತೆ. ಸರಪಳಿ ಹಾಕಿ ಕೂಡಿಹಾಕೋ ಜಾಗಗಳ ಹತ್ತಿರವೂ ಸುಳಿಯಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ.

ಧರ್ಮಸ್ಥಳದವರು ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡ್ತಾರಲ್ಲ, ಅದರಲ್ಲಿ ನಂಗೆ ಮೆಚ್ಚುಗೆಯಾದದ್ದು ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿ. ಬಿಟ್ಟವರು ಬಿಟ್ಟವರ ಜೊತೆ ಕೂರ್ತಾರೆ. ನಾನು ಹೇಳಿದ 42ನೇ ದಿನಕ್ಕೆ ಬೇಕಾದದ್ದು ಇದೇ. ಆದರೆ ಫಿಟ್ಸ್ ಬಂದಿದ್ದವನನ್ನು, ಲಿವರ್ ಕೆಟ್ಟವನನ್ನು ಮೊದಲು ಆಸ್ಪತ್ರೆಗೆ ತೋರಿಸು.

ಮತ್ತೆ ಕುಡಿದರೆ? ಕುಡೀತಾನೆ ಮಗಾ, ಬಹಳ ಜನ ಕುಡೀತಾರೆ. ಎರಡನೇ ಸಲ, ಮೂರನೇ ಸಲ ಬರೋನ ಮುಖ ನೋಡಬೇಕು, ಮೊದಲ ಸಲಕ್ಕಿಂತ ಬಗ್ಗಿರುತ್ತೆ. "ದುಡ್ಡು ದಂಡ ಮಾಡಿದೆ" ಅಂತ ಯಾರಾದರೂ ಅಂದುಬಿಟ್ಟರೆ ಅವನು ಮತ್ತೆ ಆ ಮೆಟ್ಟಿಲು ಹತ್ತೋದಿಲ್ಲ. ನೋವಿನ ಮಾತ್ರೆಗೋ ಹೆರಾಯಿನ್‌ಗೋ ಬಿದ್ದವನಾದರೆ ಇನ್ನೂ ಎಚ್ಚರ ಬೇಕು. ಕೆಲವು ವಾರ ಬಿಟ್ಟ ಮೈಗೆ ಹಳೇ ಪ್ರಮಾಣ ತಡೆಯೋ ಶಕ್ತಿ ಇರೋದಿಲ್ಲ, ಅಷ್ಟೇ ತಗೊಂಡರೆ ಉಸಿರು ನಿಲ್ಲಬಹುದು.

ಫೋನ್ ನಿನ್ನ ಕೈಯಲ್ಲೇ ಇರುತ್ತಲ್ಲ, ಎರಡು ನಂಬರ್ ಹಾಕಿಕೊ. 14416 ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ. 14446 ವ್ಯಸನಕ್ಕಂತಲೇ ಇರೋದು. ಎರಡಕ್ಕೂ ದುಡ್ಡಿಲ್ಲ. ಮನೋಚೈತನ್ಯ ಅನ್ನೋ ಸರ್ಕಾರದ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ಕೆ.ಆರ್. ಪೇಟೆಗೆ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸು. ಅಲ್ಲಾಗದಿದ್ದರೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ. ಕೈಮೀರಿದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್.

ನಿನ್ನ ಗೆಳೆಯ ಬಸ್‌ಸ್ಟ್ಯಾಂಡಲ್ಲಿ "ಮುಂದಿನ ವಾರ ಹೋಗೋಣ ಕಣೋ" ಅಂತಾನೆ. ಬಯ್ಯಬೇಡ, ಬುದ್ಧಿ ಹೇಳಬೇಡ. ಅವನ ಟಿಕೆಟ್ಟೂ ನೀನೇ ತಗೊಂಡು ಪಕ್ಕದಲ್ಲಿ ಕೂತ್ಕೋ.