ಗುಡ್ಡದ ತೋಟದಲ್ಲಿ ವ್ಯಾನಿನ ಬಿಡಾರ: ಇಲಿ ಹತ್ತಿರ ಬಾರದಂತೆ ಇರುವ ಬಗೆ



ನಮ್ಮಲ್ಲಿ ಅನೇಕರಿಗೆ ಮನೆಯ ಹಿಂದೆ ಒಂದಿಷ್ಟು ಅಡಿಕೆ ತೋಟ, ಹತ್ತಾರು ಕಿಲೋಮೀಟರ್ ಆಚೆಯ ಗುಡ್ಡದಲ್ಲಿ ಎರಡು ಮೂರು ಎಕರೆ ಕಾಫಿ ಇರುವುದು ಸಾಮಾನ್ಯ. ಹಣ್ಣು ಕೊಯ್ಯುವ ಕಾಲಕ್ಕೆ ಅಲ್ಲಿಯೇ ರಾತ್ರಿ ಉಳಿದು ಕಣ ಕಾಯಬೇಕಾಗುತ್ತದೆ. ಅದಕ್ಕೆಂದು ಮನೆ ಕಟ್ಟಿಸುವ ಶಕ್ತಿ ಸಣ್ಣ ಹಿಡುವಳಿದಾರನಿಗೆ ಇಲ್ಲ. ಆದುದರಿಂದ ಹಳೆಯ ವ್ಯಾನನ್ನೇ ಬಿಡಾರ ಮಾಡಿಕೊಂಡು ಕೊಯ್ಲಿನ ವಾರಗಳನ್ನು ಕಳೆಯುವ ಪದ್ಧತಿ ಬೆಳೆಯುತ್ತಿದೆ. ನಾವೂ ನಾಲ್ಕು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇವೆ. ಇದರಲ್ಲಿ ಮಿತವ್ಯಯವಿದೆ, ಆದರೆ ಒಂದು ವಿಷಯದಲ್ಲಿ ಅಲಕ್ಷ್ಯ ಮಾಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಆ ವಿಷಯ ಇಲಿ. ಈ ಪಾಠದಲ್ಲಿ ಅದನ್ನು ಕ್ರಮವಾಗಿ ತಿಳಿಯೋಣ.

ನಾವು ಕಲಿತ ಬಗೆ

ಎರಡನೆಯ ವರ್ಷ ಕಾರ್ತಿಕ ಮಾಸದಲ್ಲಿ ಅರೇಬಿಕಾ ಕೊಯ್ಲು ಆಗತಾನೆ ಶುರುವಾಗಿತ್ತು. ನಮ್ಮೊಡನೆ ಕಣ ಕಾಯಲು ಇದ್ದ ಹಿರಿಯರೊಬ್ಬರು ಹಿಂದಿನ ವಾರವೆಲ್ಲ ಕೆಳಗಿನ ಅಡಿಕೆ ತೋಟದ ಬಸಿಗಾಲುವೆಗಳನ್ನು ಬರಿಗಾಲಿನಲ್ಲಿ ಬಿಡಿಸಿದ್ದರು. ಹಿಮ್ಮಡಿಯಲ್ಲಿ ಬಿರುಕುಗಳಿದ್ದವು. ಒಂದು ಸಂಜೆ ಅವರಿಗೆ ಚಳಿಜ್ವರ ಬಂದಿತು. ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು. ದಣಿವಿನ ಜ್ವರವೆಂದುಕೊಂಡೆವು. ನಡುರಾತ್ರಿ ಅವರು ಮಾತು ತಪ್ಪಲಾರಂಭಿಸಿದಾಗ ಆಸ್ಪತ್ರೆಗೆ ಹೊರಡೋಣವೆಂದು ವ್ಯಾನಿನ ಕೀಲಿ ತಿರುಗಿಸಿದೆವು. ವ್ಯಾನು ಸದ್ದು ಮಾಡಲಿಲ್ಲ. ಬ್ಯಾಟರಿ ಹಿಡಿದು ನೋಡಿದರೆ ಸೀಟಿನ ಕೆಳಗಿನ ವೈರುಗಳನ್ನು ಇಲಿ ಕತ್ತರಿಸಿ ಹಾಕಿತ್ತು.

"ಗಾಡಿ ಬ್ಯಾಡ ಬಿಡಿ ಅಯ್ಯಾ, ಬೆಳಗಾದ ಮ್ಯಾಲೆ ನಿಧಾನಕ್ಕೆ ನಡೆದು ಹೋಗನ" ಎಂದರು ಅವರು. ಬೆಳಗಿನವರೆಗೆ ಕಾಯುವ ಧೈರ್ಯ ನಮಗಾಗಲಿಲ್ಲ. ಕಂಬಳಿಗೆ ಎರಡು ಬಿದಿರು ಸೇರಿಸಿ ಡೋಲಿ ಕಟ್ಟಿ, ಟಾರು ರಸ್ತೆಯವರೆಗೆ ಮೂರು ಕಿಲೋಮೀಟರ್ ಹೊತ್ತೆವು. ಹಾಲಿನ ವ್ಯಾನು ಬಂದದ್ದು ಐದು ಗಂಟೆಗೆ. ಪರೀಕ್ಷೆಯಲ್ಲಿ ಇಲಿ ಜ್ವರವೆಂದು ತಿಳಿಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅವರು ಬದುಕಿ ಬಂದರು.

ಜ್ವರ ಕಾಲುವೆಯ ನೀರಿನಿಂದ ಬಂದಿರಬಹುದು. ವೈರು ಕಡಿದದ್ದು ಬೇರೆ ಇಲಿ ಇರಬಹುದು. ಆದರೆ ವ್ಯಾನಿಗೆ ಇಲಿಯನ್ನು ಕರೆದವರು ನಾವೇ. ಸೀಟಿನಡಿ ಅರ್ಧ ಚೀಲ ನೆಲಗಡಲೆ ಇಟ್ಟಿದ್ದೆವು. ಎರಡು ದಿನ ಮೊದಲೇ ಹಿಕ್ಕೆ ಕಂಡಿದ್ದರೂ ಗುಡಿಸಿ ಸುಮ್ಮನಾಗಿದ್ದೆವು. ವೈರಿಂಗ್ ಸರಿಪಡಿಸಲು ನಮಗೆ ತಗುಲಿದ್ದು ೭,೪೦೦ ರೂಪಾಯಿ. ಆಮೇಲೆ ಇಡೀ ವ್ಯಾನನ್ನು ಇಲಿ ನುಗ್ಗದಂತೆ ಮಾಡಲು ತಗುಲಿದ್ದು ಒಂಬೈನೂರು.

ಇಲಿಯ ಸ್ವಭಾವ

ಶತ್ರುವಿನ ಗುಣ ತಿಳಿಯದೆ ತಡೆ ಹಾಕುವುದು ವ್ಯರ್ಥ. ನಮ್ಮ ಬಿಡಾರಕ್ಕೆ ಬರುವವು ಮುಖ್ಯವಾಗಿ ಮೂರು. ಸಣ್ಣ ಚಿಟ್ಟಿಲಿ, ಮರ, ಹಗ್ಗ, ತೊಲೆ ಹತ್ತಬಲ್ಲ ಮನೆಯಿಲಿ, ಬದುಗಳಲ್ಲಿ ಬಿಲ ತೋಡುವ ಹೆಗ್ಗಣ.

೧. ಇಲಿಯ ಮುಂಬಲ್ಲು ಜೀವವಿರುವ ತನಕ ಬೆಳೆಯುತ್ತಲೇ ಇರುತ್ತದೆ. ಸವೆಸಲು ಅದು ಏನನ್ನಾದರೂ ಕಡಿಯಲೇಬೇಕು. ಹಸಿವಿಲ್ಲದ ಇಲಿಯೂ ವೈರು ಕಡಿಯುವುದು ಇದರಿಂದ.

೨. ಚಿಟ್ಟಿಲಿಗೆ ೬ ಮಿಲಿಮೀಟರ್ ಸಂದು ಸಾಕು, ಅಂದರೆ ಪೆನ್ಸಿಲು ತೂರುವಷ್ಟು. ಎಳೆಯ ಮನೆಯಿಲಿಗೆ ೧೨ ಮಿಲಿಮೀಟರ್ ಸಾಕು. ತಲೆ ಹೋದಲ್ಲಿ ಮೈ ಹೋಗುತ್ತದೆ.

೩. ನಿಂತಲ್ಲಿಂದ ಎರಡು ಅಡಿಗೂ ಹೆಚ್ಚು ಎತ್ತರಕ್ಕೆ ಮನೆಯಿಲಿ ನೆಗೆಯಬಲ್ಲದು. ಚಕ್ರದ ಮೇಲಿಂದ ಹತ್ತುವುದಂತೂ ಸುಲಭ.

೪. ಅದು ಬಯಲಿನಲ್ಲಿ ಓಡಾಡಲು ಹೆದರುತ್ತದೆ. ಗೋಡೆ, ದಿಮ್ಮಿ, ಪೊದೆಯ ಅಂಚು ಹಿಡಿದೇ ನಡೆಯುತ್ತದೆ.

೫. ಗರ್ಭ ಧರಿಸಿದ ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ಒಂದು ಕೊಯ್ಲು ಮುಗಿಯುವುದರೊಳಗೆ ಒಂದು ಜೋಡಿಯ ಸಂಸಾರವೇ ಆಗುತ್ತದೆ.

ವಾಹನದೊಳಗೆ ಅದಕ್ಕೆ ಬೇಕಾದ ನಾಲ್ಕೂ ದೊರೆಯುತ್ತವೆ: ಎಂಜಿನ್ನಿನ ಬಿಸಿ, ಕತ್ತಲೆ, ಗೂಡಿಗೆ ಚಿಂದಿ, ತಿನ್ನಲು ನಮ್ಮ ಅಕ್ಕಿಬೇಳೆ. ಇವುಗಳಲ್ಲಿ ಎಷ್ಟನ್ನು ತಪ್ಪಿಸುತ್ತೇವೆಯೋ ಅಷ್ಟು ಕ್ಷೇಮ.

ದಾರಿ ಮುಚ್ಚುವುದು

ಮೊದಲು ಸಂದು ಹುಡುಕತಕ್ಕದ್ದು. ಕತ್ತಲಾದ ಮೇಲೆ ಒಬ್ಬರು ವ್ಯಾನಿನೊಳಗೆ ಪ್ರಖರವಾದ ದೀಪ ಹಿಡಿದು ಬಾಗಿಲುಗಳನ್ನು ಮುಚ್ಚಿಕೊಳ್ಳಲಿ. ಇನ್ನೊಬ್ಬರು ಹೊರಗೆ ಬಗ್ಗಿ, ಮಲಗಿ, ಎಲ್ಲಿ ಬೆಳಕು ಸೋರುತ್ತದೆ ನೋಡಲಿ. ಬೆಳಕು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ನಮ್ಮ ವ್ಯಾನಿನಲ್ಲಿ ಹದಿನಾಲ್ಕು ಕಡೆ ಸಿಕ್ಕಿತು. ಬ್ರೇಕು, ಕ್ಲಚ್ಚು ಪೆಡಲುಗಳ ಬುಡ, ಗೇರಿನ ಬುಡದ ಹರಿದ ರಬ್ಬರು, ವೈರು ಒಳಬರುವ ತೂತುಗಳು, ನೆಲದಲ್ಲಿ ಬಿರಡೆ ಬಿದ್ದುಹೋದ ಜಾಗ, ಬಾಗಿಲಿನ ಕೆಳಗೆ ತುಕ್ಕು ತಿಂದ ತಗಡು, ಹೊರಗಾಳಿ ಬರುವ ಕಿಂಡಿ, ಇವನ್ನು ತಪ್ಪದೆ ನೋಡಬೇಕು.

ಮುಚ್ಚುವುದಕ್ಕೆ ಬಟ್ಟೆ, ಥರ್ಮೊಕೋಲ್, ಬರೀ ರಬ್ಬರು ಪ್ರಯೋಜನವಿಲ್ಲ. ಒಂದೇ ರಾತ್ರಿಯಲ್ಲಿ ಕಡಿದು ಬಿಡುತ್ತದೆ. ತುಕ್ಕಿನ ತೂತಿಗೆ ತಗಡಿನ ತುಂಡಿಟ್ಟು ಸ್ಕ್ರೂ ಹೊಡೆಯಿರಿ. ಗಾಳಿಯ ಕಿಂಡಿಗೆ ೬ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಬಿಗಿಯಿರಿ. ನೆಲದ ನೀರು ಬಸಿಯುವ ತೂತನ್ನು ಪೂರ್ತಿ ಮುಚ್ಚದೆ ಜಾಲರಿಯನ್ನೇ ಹಾಕಬೇಕು, ಇಲ್ಲವಾದರೆ ನೀರು ನಿಂತು ನೆಲ ತುಕ್ಕು ಹಿಡಿಯುತ್ತದೆ. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಸಣ್ಣ ಸಂದುಗಳಿಗೆ ಗಿಡಿಯಬಹುದು, ಆದರೆ ಬ್ಯಾಟರಿಯ ಬಳಿ, ಬರಿವೈರಿನ ಬಳಿ, ಸೈಲೆನ್ಸರಿನ ಬಳಿ ಕೂಡದು. ಅದರಲ್ಲಿ ವಿದ್ಯುತ್ತು ಹರಿಯುತ್ತದೆ, ಬೆಂಕಿಯೂ ಹಿಡಿಯುತ್ತದೆ. ಪೆಡಲು, ಸ್ಟಿಯರಿಂಗು ಚಲಿಸುವ ಜಾಗವನ್ನು ಮೆಕ್ಯಾನಿಕ್ಕಿನಿಂದಲೇ ಮಾಡಿಸುವುದು ಲೇಸು.

ಮಲಗುವ ವ್ಯವಸ್ಥೆಗೆ ನಾವು ಹಿಂದಿನ ಸೀಟು ಮಡಚಿ ಮೇಲೆ ಎರಡು ಸಡಿಲ ಹಲಗೆ ಹಾಸುತ್ತೇವೆ. ಸೀಟು ಕಿತ್ತು ಕಾಯಂ ಮಂಚ ಕೂರಿಸಿದರೆ ನೋಂದಣಿಯ ತೊಡಕು ಬರುತ್ತದೆ. ಹಲಗೆ ಎತ್ತಿದರೆ ಕೆಳಗೆಲ್ಲ ಕಾಣುವಂತಿರುವುದು ಇಲಿಯ ದೃಷ್ಟಿಯಿಂದಲೂ ಒಳ್ಳೆಯದು.

ನಿಲ್ಲಿಸುವ ಜಾಗ

ನೆರಳಿದೆಯೆಂದು ಪೊದೆಯ ಪಕ್ಕ, ಕಟ್ಟಿಗೆ ಒಟ್ಟಿದ ಕಡೆ, ಅಡಿಕೆ ಸಿಪ್ಪೆಯ ರಾಶಿಯ ಬಳಿ, ಹಾಳೆ ಪೇರಿಸಿದ ಮೂಲೆಯಲ್ಲಿ ವ್ಯಾನು ನಿಲ್ಲಿಸಬಾರದು. ಸುತ್ತ ಹತ್ತು ಅಡಿ ಹುಲ್ಲು ಹೆರೆದು ಬಯಲು ಮಾಡಿ. ಸಿಲ್ವರ್ ಓಕಿನ ಕೊಂಬೆಯಾಗಲಿ ಮೆಣಸಿನ ಬಳ್ಳಿಯಾಗಲಿ ಚಾವಣಿಗೆ ತಾಗಬಾರದು. ಟಾರ್ಪಾಲಿನ ಹಗ್ಗ, ದೀಪದ ವೈರು ಮರದಿಂದ ವ್ಯಾನಿಗೆ ಎಳೆದಿದ್ದರೆ ಅದೇ ಸೇತುವೆ. ಬಂದರಿನಲ್ಲಿ ನಿಂತ ಹಡಗಿನ ಹಗ್ಗಗಳಿಗೆ ದುಂಡು ತಗಡು ಹಾಕಿರುತ್ತಾರೆ. ಅದು ಇಲಿ ತಡೆಯಲೆಂದೇ. ಡಬ್ಬದ ಮುಚ್ಚಳಕ್ಕೆ ತೂತು ಮಾಡಿ ಹಗ್ಗ ಪೋಣಿಸಿ ನಾವೂ ಹಾಗೆಯೇ ಮಾಡಬಹುದು. ಮುಚ್ಚಳ ಅಗಲವಾಗಿರಲಿ.

ಮಳೆಯಿಲ್ಲದ ರಾತ್ರಿ ಬಾನೆಟ್ಟನ್ನು ಎತ್ತಿಯೇ ಇಡುವುದು ಉಪಯುಕ್ತ. ಕತ್ತಲೆ, ಬೆಚ್ಚಗೆ ಎರಡೂ ಇಲ್ಲದಲ್ಲಿ ಇಲಿ ಗೂಡು ಕಟ್ಟಲು ಹಿಂಜರಿಯುತ್ತದೆ. ಬೆಳಿಗ್ಗೆ ವ್ಯಾನು ಚಾಲೂ ಮಾಡುವ ಮೊದಲು ಎಂಜಿನ್ನನ್ನು ನೋಡಿರಿ. ಒಣಹುಲ್ಲಿನ ಗೂಡಿದ್ದರೆ ಬಿಸಿ ಕೊಳವೆ ತಾಗಿ ಬೆಂಕಿ ಹೊತ್ತಬಹುದು.

ಆಹಾರದ ಶಿಸ್ತು

ಅಕ್ಕಿ, ಬೆಲ್ಲ, ಕೊಬ್ಬರಿ, ನೆಲಗಡಲೆ, ಒಣಮೀನು ಎಲ್ಲವೂ ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿರಲಿ. ಪ್ಲಾಸ್ಟಿಕ್ ಬಕೆಟ್ಟನ್ನು ಇಲಿ ಕಡಿಯುತ್ತದೆ. ಸಾಬೂನು, ಮೇಣದ ಬತ್ತಿಗಳನ್ನೂ ಅದು ತಿನ್ನುತ್ತದೆಂಬುದು ಹಲವರಿಗೆ ತಿಳಿಯದು. ಅಡುಗೆ, ಊಟ ವ್ಯಾನಿನಿಂದ ಇಪ್ಪತ್ತು ಹೆಜ್ಜೆ ದೂರ ಇರಲಿ. ಮುಸುರೆಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ನಾಯಿಯ ಅನ್ನ ರಾತ್ರಿ ತಟ್ಟೆಯಲ್ಲಿ ಉಳಿಯಬಾರದು. ನೀರಿನ ಬಿಂದಿಗೆಗೂ ಮುಚ್ಚಳ ಬೇಕು, ಮನೆಯಿಲಿಗೆ ದಿನವೂ ನೀರು ಅವಶ್ಯ. ಖಾಲಿ ಗೋಣಿ, ಹಳೆ ಕಂಬಳಿಗಳನ್ನು ವ್ಯಾನಿನಲ್ಲಿ ರಾಶಿ ಹಾಕದೆ ಬಿಸಿಲಿಗೆ ಒಣಗಿಸಿ ಕಟ್ಟಿ ತೂಗುಹಾಕಿರಿ.

ಬೋನು ಮತ್ತು ವಿಷ

ದಾರಿ ಮುಚ್ಚಿದ ಮೇಲೆಯೇ ಬೋನಿನ ಮಾತು. ಬೋನನ್ನು ವ್ಯಾನಿನ ಹೊರಗೆ, ಇಲಿ ನಡೆಯುವ ಅಂಚಿನಲ್ಲಿ ಇಡಬೇಕು. ಮನೆಯಿಲಿ ಹೊಸ ವಸ್ತುವನ್ನು ಸಂಶಯಿಸುತ್ತದೆ. ಆದುದರಿಂದ ಎರಡು ಮೂರು ರಾತ್ರಿ ಬೋನು ಹೂಡದೆ ಸುಟ್ಟ ಕೊಬ್ಬರಿ ಚೂರು ತಿನ್ನಲು ಬಿಟ್ಟು, ಅನಂತರ ಹೂಡಿದರೆ ಫಲ ಹೆಚ್ಚು.

ವಿಷವನ್ನು ವ್ಯಾನಿನೊಳಗೆ ಎಂದಿಗೂ ಇಡಬಾರದು. ವಿಷ ತಿಂದ ಇಲಿ ಕೈಗೆಟುಕದ ಸಂದಿನಲ್ಲಿ ಸತ್ತು ನಾರುತ್ತದೆ. ಕಪ್ಪು ಪುಡಿಯಾಗಿ ದೊರೆಯುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿ ವಿಷಾನಿಲವಾಗುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಉಗ್ರಾಣಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಜನ ಮಲಗುವ ಕಡೆ ಇಡುವುದೆಂದರೆ ಮಲಗಿದವರನ್ನೇ ಕೊಲ್ಲುವುದು. ನುಸಿಗುಳಿಗೆಯ ಹಬೆಯೂ ಮುಚ್ಚಿದ ವ್ಯಾನಿನಲ್ಲಿ ಆರೋಗ್ಯಕ್ಕೆ ಹಾನಿ. ಹೊಗೆಸೊಪ್ಪು, ಪುದೀನ ಎಣ್ಣೆ ಮುಂತಾದವುಗಳ ವಾಸನೆ ಬೇಗ ಹಾರಿಹೋಗುತ್ತದೆ, ಅವನ್ನು ನಂಬಿ ಕೂರಬಾರದು. ಕೇರೆಹಾವನ್ನೂ ಗೂಬೆಯನ್ನೂ ಕೊಲ್ಲದಿರುವುದು ಖರ್ಚಿಲ್ಲದ ಇಲಿ ನಿಯಂತ್ರಣ.

ಹಿಕ್ಕೆ ಕಂಡರೆ

ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬಾಗಿಲುಗಳನ್ನು ಅರ್ಧ ಗಂಟೆ ತೆರೆದಿಟ್ಟು, ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ದ್ರವರೂಪದ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರ ಮೇಲೆ ಸುರಿದು ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಚಿಂದಿಯಿಂದ ಒರೆಸಿ ಹೂಳಿರಿ. ಬ್ಲೀಚಿಗೆ ಆಸಿಡ್ ಬೆರೆಸಕೂಡದು.

ಇಲಿ ಜ್ವರದ ರೋಗಾಣು ಇಲಿಯ ಮೂತ್ರದಲ್ಲಿದ್ದು, ಒದ್ದೆ ಮಣ್ಣು ನೀರುಗಳ ಮೂಲಕ ಬಿರುಕು ಬಿಟ್ಟ ಚರ್ಮ, ಕಣ್ಣು, ಬಾಯಿಗಳಿಂದ ಒಳಹೋಗುತ್ತದೆ. ಸಾಮಾನ್ಯವಾಗಿ ೫ರಿಂದ ೧೪ ದಿನಗಳಲ್ಲಿ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸುತ್ತದೆ. ಮುಂದೆ ಕಾಮಾಲೆಯಾಗಿ ಮೂತ್ರಪಿಂಡ ಕೆಡಬಹುದು. ಬೇಗ ಹೋದರೆ ಔಷಧಿಯಿಂದ ಗುಣವಾಗುತ್ತದೆ. ವೈದ್ಯರಿಗೆ "ಕಾಲುವೆ ಕೆಲಸ ಮಾಡಿದ್ದೇವೆ, ಬಿಡಾರದಲ್ಲಿ ಇಲಿ ಇದೆ" ಎಂದು ನಾವಾಗಿಯೇ ಹೇಳಬೇಕು. ಕಾಲುವೆ ಕೆಲಸಕ್ಕೆ ಗಂಬೂಟು ಕೊಡಿಸುವುದು ತೋಟದ ಯಜಮಾನನ ಹೊಣೆ. ಮೈಮೇಲೆ ಕಪ್ಪು ಹಕ್ಕಳೆಯೊಡನೆ ಜ್ವರ ಬಂದರೆ ಇಲಿಯ ಮೈಮೇಲಿನ ಸಣ್ಣ ನುಸಿಯಿಂದ ಬರುವ ಸ್ಕ್ರಬ್ ಟೈಫಸ್ ಇರಬಹುದು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಉಣ್ಣೆಗಳಿಗೂ ಕಾಡಿಲಿಗಳು ಆಸರೆ. ಬರಿ ನೆಲದಲ್ಲಿ ದರಗಿನ ಮೇಲೆ ಮಲಗದಿರುವುದಕ್ಕೆ ಇದೂ ಒಂದು ಕಾರಣ.

ಕೊನೆಯ ಎಚ್ಚರಿಕೆ

ಇಲಿಗೆ ಹೆದರಿ ವ್ಯಾನನ್ನು ಗಾಳಿಯಾಡದಂತೆ ಮುಚ್ಚಬಾರದು. ಎರಡು ಕಿಟಕಿಗಳನ್ನು ಎರಡು ಬೆರಳು ಇಳಿಸಿ, ಆ ಸಂದಿಗೆ ಜಾಲರಿ ಕಟ್ಟಿ ಮಲಗಬೇಕು. ಚಳಿಯೆಂದು ಕೆಂಡದ ಬಾಣಲೆಯನ್ನು ಒಳಗಿಡುವುದು, ಎಂಜಿನ್ ಚಾಲೂ ಇಟ್ಟು ನಿದ್ರಿಸುವುದು ಮೃತ್ಯುವಿಗೆ ಆಹ್ವಾನ. ಅವುಗಳಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಮನನಕ್ಕೆ ಪ್ರಶ್ನೆಗಳು

೧. ಹಸಿವಿಲ್ಲದ ಇಲಿ ವೈರು ಕಡಿಯುವುದೇಕೆ?

೨. ನಿಮ್ಮ ವಾಹನದಲ್ಲಿ ಪೆನ್ಸಿಲು ತೂರುವ ಸಂದುಗಳು ಎಷ್ಟಿವೆ? ಇಂದು ರಾತ್ರಿಯೇ ದೀಪ ಹಿಡಿದು ಎಣಿಸಿರಿ.

೩. ನೀರು ಬಸಿಯುವ ತೂತಿಗೆ ತಗಡು ಸರಿಯೋ ಜಾಲರಿ ಸರಿಯೋ? ಕಾರಣ ಕೊಡಿ.

೪. ನಿಮ್ಮ ತೋಟದಿಂದ ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದರೆ, ನಿಮ್ಮ ವ್ಯಾನಲ್ಲದೆ ಬೇರೆ ಯಾರ ವಾಹನವಿದೆ?

ನಾಲ್ಕನೆಯ ಪ್ರಶ್ನೆಗೆ ಅಕ್ಕಪಕ್ಕದ ತೋಟದವರೊಂದಿಗೆ ಕೂಡಿ ಕುಳಿತು ಉತ್ತರ ಕಂಡುಕೊಳ್ಳಬೇಕೆಂದು ಕೋರುತ್ತೇವೆ. ಆ ರಾತ್ರಿಯ ಬಳಿಕ ನಮ್ಮ ಗುಡ್ಡದ ಐದು ಮನೆಯವರು ಒಬ್ಬರಿಗೊಬ್ಬರು ವಾಹನ ಒದಗಿಸುವ ಕಟ್ಟಳೆ ಮಾಡಿಕೊಂಡಿದ್ದೇವೆ. ಆ ಹಿರಿಯರು ಈ ವರ್ಷವೂ ನಮ್ಮೊಡನೆ ಕಣ ಕಾಯಲು ಬರುತ್ತಿದ್ದಾರೆ. ಗಂಬೂಟು ಹಾಕಿಕೊಂಡು, ಸಂಜೆ ಡಬ್ಬಗಳ ಮುಚ್ಚಳ ಬಿಗಿಯಾಗಿದೆಯೇ ಎಂದು ಮೊದಲು ಮುಟ್ಟಿ ನೋಡುವವರು ಈಗ ಅವರೇ.