ಮರುಕಳಿಸುವ ಹರ್ಪಿಸ್ ಹುಣ್ಣು: ದಂಪತಿಗಳು ಅರಿತಿರಬೇಕಾದ ಸಂಗತಿಗಳು

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕಡಲತೀರದ ಹಳ್ಳಿಗಳಲ್ಲಿ ಅನೇಕ ಗಂಡಸರು ದೋಣಿಗಳಲ್ಲಿ ದುಡಿಯುತ್ತ ದಿನಗಟ್ಟಲೆ ಮನೆಯಿಂದ ದೂರವಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ, ಅವರು ಮನೆಯಲ್ಲಿ ನೆಲೆಸುತ್ತಾರೆ. ಅಂತಹ ಸಮಯದಲ್ಲಿ ಪತಿಯ ಅಥವಾ ಪತ್ನಿಯ ಗುಹ್ಯಾಂಗದಲ್ಲಿ ನೀರುಗುಳ್ಳೆಗಳೆದ್ದು ಹುಣ್ಣಾದರೆ ಮನಸ್ಸಿನಲ್ಲಿ ಮೊದಲು ಹುಟ್ಟುವುದು ಸಂಶಯ. "ಇದು ಎಲ್ಲಿಂದ ಬಂತು?" ಎಂಬ ಒಂದೇ ಪ್ರಶ್ನೆಯು ಸಂಸಾರವನ್ನು ಕದಡಿಬಿಡಬಹುದು. ಆದುದರಿಂದ ಈ ರೋಗದ ಸ್ವಭಾವವನ್ನು ಸತಿಪತಿಗಳಿಬ್ಬರೂ ತಿಳಿದಿರುವುದು ಅವಶ್ಯಕ.

ರೋಗದ ಕಾರಣ

ಹರ್ಪಿಸ್ ಎಂಬುದು ವೈರಸ್‌ನಿಂದ ಬರುವ ರೋಗ. ಇದರಲ್ಲಿ ಎರಡು ಬಗೆ. ಮೊದಲನೆಯದು ಹೆಚ್ಚಾಗಿ ತುಟಿಯ ಮೇಲೆ ಗುಳ್ಳೆಗಳನ್ನು ತರುತ್ತದೆ. ಎರಡನೆಯದು ಹೆಚ್ಚಾಗಿ ಗುಹ್ಯಾಂಗಕ್ಕೆ ತಗಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 15ರಿಂದ 49 ವರ್ಷ ವಯಸ್ಸಿನ ಸುಮಾರು 52 ಕೋಟಿ ಜನರಲ್ಲಿ ಎರಡನೆಯ ಬಗೆಯ ಸೋಂಕು ಇತ್ತು. ಆದುದರಿಂದ ಇದು ಯಾವುದೋ ಒಂದು ಮನೆಗೆ ಮಾತ್ರ ಬಂದ ಶಾಪವೆಂದು ಭಾವಿಸಬಾರದು.

ಸೊಂಟದ ಅಥವಾ ಎದೆಯ ಒಂದು ಪಾರ್ಶ್ವದಲ್ಲಿ ಸಾಲಾಗಿ ಗುಳ್ಳೆಗಳೇಳುವ ಸರ್ಪಸುತ್ತು ಬೇರೆಯೇ ರೋಗ. ಅದು ಸೀತಾಳೆ ಸಿಡುಬಿನ ವೈರಸ್‌ನಿಂದ ಉಂಟಾಗುತ್ತದೆ. ಎರಡನ್ನೂ ಒಂದೇ ಎಂದು ಬಗೆದು ಗುಹ್ಯಾಂಗದ ಹುಣ್ಣಿಗೆ ಕೆಮ್ಮಣ್ಣನ್ನಾಗಲಿ ಬೇರೆ ಲೇಪಗಳನ್ನಾಗಲಿ ಹಚ್ಚಬಾರದು.

ಮತ್ತೆ ಮತ್ತೆ ಏಕೆ ಬರುತ್ತದೆ?

ಹುಣ್ಣು ಮಾಗಿದರೂ ವೈರಸ್ ದೇಹವನ್ನು ಬಿಟ್ಟು ಹೋಗುವುದಿಲ್ಲ. ಅದು ಬೆನ್ನೆಲುಬಿನ ಸಮೀಪದ ನರಗಂಟುಗಳಲ್ಲಿ ಅಡಗಿರುತ್ತದೆ. ಜ್ವರ, ಅತಿಯಾದ ದಣಿವು, ಮನೋವ್ಯಥೆ, ಸ್ತ್ರೀಯರಲ್ಲಿ ಮುಟ್ಟು, ಇಂತಹ ಕಾರಣಗಳಿಂದ ಅದು ನರದ ಮೂಲಕ ಮತ್ತೆ ಚರ್ಮಕ್ಕೆ ಬರುತ್ತದೆ. ಮೊದಲ ಸಲ ಜ್ವರವೂ ತೊಡೆಸಂದಿನ ಗಂಟುಗಳ ಬಾವೂ ಇದ್ದು, ಹುಣ್ಣು ಮಾಗಲು ಎರಡು ಮೂರು ವಾರ ಬೇಕಾಗಬಹುದು. ಅನಂತರದ ಸಲಗಳಲ್ಲಿ ಬಾಧೆ ಕಡಿಮೆ. ವರ್ಷಗಳು ಕಳೆದಂತೆ ಮರುಕಳಿಕೆಯೂ ವಿರಳವಾಗುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಸೋಂಕು ತಗಲಿದ ಎಷ್ಟೋ ಜನರಿಗೆ ವರ್ಷಾನುಗಟ್ಟಲೆ ಯಾವ ಚಿಹ್ನೆಯೂ ಕಾಣುವುದಿಲ್ಲ. ವಿವಾಹಕ್ಕೆ ಮುಂಚೆ ತಗಲಿದ ಸೋಂಕು ಮಕ್ಕಳಾದ ಮೇಲೆ ಮೊದಲ ಸಲ ತಲೆದೋರಬಹುದು. ಆದುದರಿಂದ ಇಂದು ಕಂಡ ಹುಣ್ಣು ಇತ್ತೀಚಿನ ದುರ್ನಡತೆಗೆ ಸಾಕ್ಷಿಯಾಗಲಾರದು. ಮೊದಲು ಯಾರಿಗೆ ಹುಣ್ಣಾಯಿತೋ ಅವರೇ ರೋಗವನ್ನು ತಂದವರೆಂದೂ ಹೇಳಲಾಗದು.

ಹರಡದಂತೆ ತಡೆಯುವ ಬಗೆ

ಗುಳ್ಳೆ ಏಳುವ ಮುನ್ನ ಆ ಭಾಗದಲ್ಲಿ ಉರಿ, ತುರಿಕೆ ಅಥವಾ ಜುಮುಜುಮು ಎನ್ನುವ ಅನುಭವವಾಗುತ್ತದೆ. ಅದು ಕಂಡ ದಿನದಿಂದ ಹುಣ್ಣು ಪೂರ್ತಿ ಮಾಗಿ ಹೊಸ ಚರ್ಮ ಬರುವವರೆಗೆ ದಂಪತಿಗಳು ದೇಹಸಂಪರ್ಕವನ್ನು ಸಂಪೂರ್ಣವಾಗಿ ಬಿಡಬೇಕು. ಹುಣ್ಣಿಲ್ಲದ ದಿನಗಳಲ್ಲಿಯೂ ವೈರಸ್ ಆಗಾಗ ಚರ್ಮದಿಂದ ಹೊರಬೀಳುವುದುಂಟು. ಆದಕಾರಣ ಉಳಿದ ದಿನಗಳಲ್ಲಿ ನಿರೋಧ್ ಬಳಸುವುದು ಕ್ಷೇಮ. ನಿರೋಧ್ ಎಲ್ಲ ಭಾಗವನ್ನೂ ಮುಚ್ಚುವುದಿಲ್ಲವಾದುದರಿಂದ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಪೂರ್ಣವಾಗಿ ನೀಗುವುದಿಲ್ಲ.

ಹುಣ್ಣನ್ನು ಮುಟ್ಟಿದ ಕೈಯಿಂದ ಕಣ್ಣನ್ನು ಮುಟ್ಟಬಾರದು; ಸೋಪಿನಿಂದ ಕೈ ತೊಳೆಯಬೇಕು. ಬಾವಿಯ ನೀರು, ಶೌಚಾಲಯ, ಊಟದ ತಟ್ಟೆ, ಒಗೆದ ಬಟ್ಟೆ ಇವುಗಳಿಂದ ಗುಹ್ಯಾಂಗದ ಹರ್ಪಿಸ್ ಹರಡುವುದಿಲ್ಲ. ರೋಗಿಯನ್ನು ಅಡಿಗೆಮನೆಯಿಂದ ದೂರವಿಡುವುದಾಗಲಿ, ಮಕ್ಕಳನ್ನು ಎತ್ತಿಕೊಳ್ಳಗೊಡದಿರುವುದಾಗಲಿ ಅನವಶ್ಯಕ.

ಚಿಕಿತ್ಸೆ

ರೋಗವನ್ನು ಬೇರುಸಹಿತ ಕಿತ್ತೊಗೆಯುವ ಔಷಧ ಇಲ್ಲ. ಆದರೆ ಎಸೈಕ್ಲೋವಿರ್ ಮಾತ್ರೆಗಳನ್ನು ಉರಿ ಕಂಡ ಮೊದಲ ದಿನವೇ ಆರಂಭಿಸಿದರೆ ಹುಣ್ಣು ಬೇಗ ಮಾಗುತ್ತದೆ. ಈ ಔಷಧದ ಸಂಶೋಧನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಗರ್ಟ್ರೂಡ್ ಎಲಿಯನ್ ಎಂಬ ಮಹಿಳಾ ವಿಜ್ಞಾನಿಗೆ 1988ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಮರುಕಳಿಸುವವರಿಗೆ ವೈದ್ಯರು ಪ್ರತಿನಿತ್ಯ ಮಾತ್ರೆ ಸೇವಿಸಲು ಹೇಳಬಹುದು. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಗುಹ್ಯಾಂಗದ ಹುಣ್ಣುಗಳೆಲ್ಲ ಹರ್ಪಿಸ್ ಆಗಿರುವುದಿಲ್ಲ. ಸಿಫಿಲಿಸ್ ಕೂಡ ಹುಣ್ಣಾಗಿ ತೋರಬಹುದು. ಅದನ್ನು ಚುಚ್ಚುಮದ್ದಿನಿಂದ ಪೂರ್ಣವಾಗಿ ಗುಣಪಡಿಸಬಹುದು. ಹರ್ಪಿಸ್ ಇರುವವರಿಗೆ ಎಚ್.ಐ.ವಿ. ತಗಲುವ ಸಂಭವವೂ ಹೆಚ್ಚು. ಆದಕಾರಣ ಇಬ್ಬರೂ ಜೊತೆಯಾಗಿ ಅಂಕೋಲೆಯ ತಾಲ್ಲೂಕು ಆಸ್ಪತ್ರೆಗೋ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೋ ಹೋಗಿ ಪರೀಕ್ಷಿಸಿಕೊಳ್ಳುವುದು ಉತ್ತಮ. ನಾಚಿಕೆಪಡುವವರು 1097 ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆಮಾಡಿ ಸಲಹೆ ಪಡೆಯಬಹುದು.

ಗರ್ಭಿಣಿ ಮತ್ತು ಶಿಶು

ಈ ರೋಗದಲ್ಲಿ ನಿಜವಾಗಿ ಭಯಪಡಬೇಕಾದ ಸಂದರ್ಭವೊಂದಿದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಗೆ ಮೊದಲ ಸಲ ಸೋಂಕು ತಗಲಿದರೆ ಹೆರಿಗೆಯ ವೇಳೆ ಶಿಶುವಿಗೆ ಅದು ತಗಲುವ ಅಪಾಯ ಬಹಳ. ಶಿಶುವಿಗೆ ಅದು ಪ್ರಾಣಾಂತಿಕವಾಗಬಲ್ಲುದು. ಪತಿಗೆ ಮಾತ್ರ ರೋಗವಿದ್ದಲ್ಲಿ ಆ ಮೂರು ತಿಂಗಳು ಸಂಯಮದಿಂದಿರುವುದು ತಂದೆಯಾಗುವವನ ಕರ್ತವ್ಯ. ಬಹಳ ಹಿಂದಿನಿಂದಲೇ ರೋಗವಿರುವ ತಾಯಿಯ ಶಿಶುವಿಗೆ ಅಪಾಯ ತೀರ ಕಡಿಮೆ. ಆದರೂ ಆಕೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಹೆರಿಗೆ ನೋವು ಆರಂಭವಾದಾಗ ಹುಣ್ಣಿದ್ದರೆ ಶಸ್ತ್ರಕ್ರಿಯೆಯಿಂದ ಹೆರಿಗೆ ಮಾಡಿಸಬೇಕಾಗಬಹುದು. ತುಟಿಯ ಮೇಲೆ ಗುಳ್ಳೆಯಿರುವವರು, ಅಜ್ಜಿಯೇ ಆಗಲಿ, ನವಜಾತ ಶಿಶುವಿಗೆ ಮುತ್ತಿಡಬಾರದು.

ದಂಪತಿಗಳು ಕೂಡಿ ಯೋಚಿಸಬೇಕಾದ ಪ್ರಶ್ನೆಗಳು

1. ಹುಣ್ಣು ಬರುವ ಮುನ್ನ ಕಾಣುವ ಚಿಹ್ನೆಗಳು ಯಾವುವು? ಅವು ಕಂಡಾಗ ಸಂಗಾತಿಗೆ ಸಂಕೋಚವಿಲ್ಲದೆ ಹೇಳುವಿರಾ?
2. "ಈ ಹೊತ್ತು ಬೇಡ" ಎಂದು ಪತ್ನಿ ಹೇಳಿದರೆ ಪತಿಯೂ, ಪತಿ ಹೇಳಿದರೆ ಪತ್ನಿಯೂ ಅದನ್ನು ಮನ್ನಿಸುವಿರಾ?
3. ಮನೆಯಲ್ಲಿ ಗರ್ಭಿಣಿಯಿದ್ದರೆ ವೈದ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಈ ವಿಷಯವನ್ನು ತಿಳಿಸಿದ್ದೀರಾ?

ಹರ್ಪಿಸ್ ಜೀವಾವಧಿ ಜೊತೆಗಿರುವ ರೋಗವಾದರೂ ಸಂಸಾರಸುಖವನ್ನು ಕಸಿದುಕೊಳ್ಳುವ ರೋಗವಲ್ಲ. ಮುಚ್ಚಿಟ್ಟಾಗ ಅದು ಹರಡುತ್ತದೆ. ಪರಸ್ಪರ ತಿಳಿಸಿ ನಡೆದುಕೊಂಡಾಗ ಹತೋಟಿಯಲ್ಲಿರುತ್ತದೆ.