ಅಂತರವೂ ಸೌಜನ್ಯವೂ : ಹೆದ್ದಾರಿಯ ಒಂದು ಪಾಠ

'ಅಂತರ' ಎಂಬ ಶಬ್ದಕ್ಕೆ ನಡುವಣ ಸ್ಥಳ, ಭೇದ, ಅವಕಾಶ ಎಂದು ಹಲವು ಅರ್ಥಗಳುಂಟು. ಹೆದ್ದಾರಿಯಲ್ಲಿ ವಾಹನ ನಡೆಸುವವನು ವಿಶೇಷವಾಗಿ ಮನನ ಮಾಡಬೇಕಾದುದು ಮೂರನೆಯ ಅರ್ಥವನ್ನು. ಮುಂದಿನ ವಾಹನಕ್ಕೂ ತನ್ನ ವಾಹನಕ್ಕೂ ನಡುವೆ ಬಿಟ್ಟ ಜಾಗವು ವ್ಯರ್ಥವಾದ ಬಯಲಲ್ಲ. ವಿಪತ್ತು ಎದುರಾದಾಗ ಗ್ರಹಿಸಲು, ನಿಲ್ಲಲು ದೊರೆಯುವ ಅವಕಾಶ.

ಈ ಪಾಠಕ್ಕೆ ಮಂಗಳೂರಿನ ಪಂಪ್‌ವೆಲ್, ಎಂದರೆ ಮಹಾವೀರ ವೃತ್ತ, ಒಳ್ಳೆಯ ಆರಂಭಸ್ಥಾನ. ಕರಾವಳಿಯುದ್ದಕ್ಕೂ ಹಾಯುವ ರಾಷ್ಟ್ರೀಯ ಹೆದ್ದಾರಿ 66 ಹಾಗೂ ಘಟ್ಟವನ್ನೇರಿ ತುಮಕೂರಿನತ್ತ ಸಾಗುವ ಹೆದ್ದಾರಿ 73 ಇಲ್ಲಿ ಸಂಧಿಸುತ್ತವೆ. 2020ರ ಜನವರಿ 31ರಂದು ಇಲ್ಲಿಯ ಮೇಲ್ಸೇತುವೆ ಸಂಚಾರಕ್ಕೆ ತೆರೆಯಿತು. ಪಂಪ್‌ವೆಲ್‌ನಿಂದ ಬಿ.ಸಿ. ರೋಡಿನವರೆಗೆ ನಾಲ್ಕು ಪಥಗಳ ವಿಶಾಲ ಮಾರ್ಗ. ಮುಂದೆ ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿ ಘಟ್ಟವನ್ನು ಹೊಕ್ಕಾಗ ಏರುವವರಿಗೊಂದು, ಇಳಿಯುವವರಿಗೊಂದು ಪಥ ಮಾತ್ರ. ಅಪಾಯವಿರುವುದು ಈ ಬದಲಾವಣೆಯಲ್ಲಿ. ವಿಶಾಲ ಮಾರ್ಗದ ವೇಗಕ್ಕೆ ಹೊಂದಿಕೊಂಡ ಕಣ್ಣು ಮತ್ತು ಕಾಲು, ಮಾರ್ಗ ಕಿರಿದಾದ ಕೂಡಲೆ ತಮ್ಮ ಅಭ್ಯಾಸವನ್ನು ಬಿಡುವುದಿಲ್ಲ.

ಮೊದಲು ಅಂತರದ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಕಣ್ಣು ಕಂಡುದನ್ನು ಮನಸ್ಸು ಗ್ರಹಿಸಿ, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದೇ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆ ಸಾಗುವ ದೂರ ಬೇರೆ; ವೇಗ ಇಮ್ಮಡಿಯಾದರೆ ಆ ದೂರ ನಾಲ್ಮಡಿಯಾಗುತ್ತದೆ. ಆದುದರಿಂದ ಮುಂದಿನ ವಾಹನವು ಒಂದು ಮರವನ್ನೋ ಕಿಲೋಮೀಟರ್ ಕಲ್ಲನ್ನೋ ದಾಟಿದೊಡನೆ 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು' ಎಂದು ಸಾವಧಾನವಾಗಿ ಎಣಿಸಬೇಕು. ಎಣಿಕೆ ಮುಗಿಯುವ ಮುನ್ನ ನಾವು ಆ ಗುರುತನ್ನು ಮುಟ್ಟಿದರೆ ಅಂತರ ಸಾಲದು. ಕರಾವಳಿಯ ಮುಂಗಾರಿನಲ್ಲಿ, ಘಟ್ಟದ ಮಂಜಿನಲ್ಲಿ, ರಾತ್ರಿಯ ವೇಳೆಯಲ್ಲಿ ಈ ಎಣಿಕೆಯನ್ನು ಇಮ್ಮಡಿಗೊಳಿಸುವುದು ವಿವೇಕ.

'ಅಂತರ ಬಿಟ್ಟರೆ ಮತ್ತೊಬ್ಬನು ನುಗ್ಗುತ್ತಾನಲ್ಲ' ಎಂಬ ಆಕ್ಷೇಪವುಂಟು. ನುಗ್ಗಲಿ, ನಾವು ಮತ್ತೆ ಹಿಂದೆ ಸರಿಯೋಣ. ಒಬ್ಬನು ನುಗ್ಗಿದರೆ ನಮಗಾಗುವ ನಷ್ಟ ಮೂರು ಸೆಕೆಂಡು. ಹತ್ತು ಮಂದಿ ನುಗ್ಗಿದರೂ ಅರ್ಧ ನಿಮಿಷ.

ಇನ್ನು ಮುಂದೆ ಸಾಗುವ ವಿಚಾರ. ಕನ್ನಡದಲ್ಲಿ ಇದನ್ನು 'ಹಿಂದಿಕ್ಕುವುದು' ಎನ್ನುತ್ತೇವೆ. ಶಬ್ದದಲ್ಲಿಯೇ ಸ್ಪರ್ಧೆಯ ಧ್ವನಿಯಿದೆ. ವಸ್ತುತಃ ಎರಡು ಪಥಗಳ ಮಾರ್ಗದಲ್ಲಿ ಬಲಬದಿಯು ಎದುರಿನಿಂದ ಬರುವವನ ಸ್ವತ್ತು; ಮುಂದೆ ಸಾಗುವವನು ಅದನ್ನು ಕಡವಾಗಿ ಪಡೆಯುತ್ತಾನೆ. ಹೊತ್ತಿಗೆ ಸರಿಯಾಗಿ ಹಿಂದಿರುಗಿಸಲಾರದವನು ಕಡ ಕೇಳಬಾರದು. ಕಡದ ಪ್ರಮಾಣವನ್ನೂ ನೋಡೋಣ. ಲಾರಿಯ ವೇಗ 40, ನಮ್ಮ ಕಾರಿನ ವೇಗ 60 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲಾರಿಯ ಉದ್ದ, ಕಾರಿನ ಉದ್ದ, ಹಿಂದು ಮುಂದಿನ ಅಂತರ ಕೂಡಿ ಸುಮಾರು 56 ಮೀಟರನ್ನು ನಾವು ಹೆಚ್ಚಾಗಿ ಕ್ರಮಿಸಬೇಕು. ಅದಕ್ಕೆ ಹತ್ತು ಸೆಕೆಂಡು ಬೇಕು. ಅಷ್ಟರಲ್ಲಿ ನಾವು 167 ಮೀಟರ್ ಸಾಗಿರುತ್ತೇವೆ. ಅದೇ ವೇಗದಲ್ಲಿ ಎದುರು ಬರುವವನೂ ಅಷ್ಟೇ ಸಾಗಿರುತ್ತಾನೆ. ಅಂದರೆ ಮೂರನೆಯ ಒಂದು ಕಿಲೋಮೀಟರಿನಷ್ಟು ಬರಿದಾದ ಹಾದಿ ಕಣ್ಣಿಗೆ ಕಾಣದೆ ಹೊರಟರೆ ಅದು ಸಾಹಸವಲ್ಲ, ಜೂಜು.

ತಿರುವಿನಲ್ಲಿ, ಏರಿನ ನೆತ್ತಿಯಲ್ಲಿ, ಎದುರು ಕಾಣದೆಡೆಯಲ್ಲಿ ಮುಂದೆ ಸಾಗುವುದು ನಿಷಿದ್ಧ. ನಡುವಣ ಬಿಳಿಗೆರೆ ಅಖಂಡವಾಗಿದ್ದರೆ ದಾಟಬಾರದು. ತುಂಡುಗೆರೆಯಿದ್ದರೂ ಎದುರು ಬರಿದಾಗಿದ್ದಾಗ ಮಾತ್ರ ದಾಟಬಹುದು. ಮುಂದಿನವನು ಹೋದನೆಂದು ಅವನ ಬೆನ್ನು ಹಿಡಿಯಲಾಗದು. ಅವನು ಕಂಡ ಹಾದಿ ನಮಗೆ ಕಂಡಿಲ್ಲ. ಕರ್ತವ್ಯವು ಮುಂದೆ ಸಾಗುವವನದು ಮಾತ್ರವಲ್ಲ. ತನ್ನನ್ನು ಒಬ್ಬನು ದಾಟುತ್ತಿರುವಾಗ ವೇಗ ಹೆಚ್ಚಿಸದೆ ಎಡಕ್ಕಿದ್ದು ಅವನಿಗೆ ಎಡೆ ಮಾಡಿಕೊಡುವುದು ಇನ್ನೊಬ್ಬನ ಧರ್ಮ. ಕಾನೂನೂ ಇದನ್ನೇ ವಿಧಿಸುತ್ತದೆ. ಕಿರಿದಾದ ಘಟ್ಟದ ದಾರಿಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು.

2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಒಬ್ಬೊಬ್ಬರಿಗಾಗಿಯೂ ಒಂದೊಂದು ಮನೆ ಕಾದಿತ್ತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸಿದ ಅಂಬಿಗರ ಚೌಡಯ್ಯನಿದ್ದನು. ಜನರನ್ನು ಸುರಕ್ಷಿತವಾಗಿ ದಡ ಮುಟ್ಟಿಸುವ ಕೆಲಸವು ಕಾಯಕವೆಂದಾದರೆ ಇಂದಿನ ಬಸ್ಸಿನ ಚಾಲಕನದೂ ಕಾಯಕವೇ. ಆ ಕಾಯಕಕ್ಕೆ ಭಂಗ ಬರುವುದು ಹಲವು ವೇಳೆ ನಮ್ಮಂಥ ಹಿರಿಯರಿಂದ. ಪ್ರವಾಸದ ಮಕ್ಕಳನ್ನು ಕುಳ್ಳಿರಿಸಿಕೊಂಡು 'ಹೊತ್ತಾಯಿತು, ಬೇಗ ನಡೆಸು' ಎನ್ನುವ ಒಂದು ಮಾತು, ಚಾಲಕನು ಬಿಟ್ಟ ಅಂತರವನ್ನು ನುಂಗಿಬಿಡುತ್ತದೆ. ಅಧ್ಯಾಪಕರು ಒಂದೇ ದಿನಕ್ಕೆ ಅನೇಕ ಕ್ಷೇತ್ರಗಳನ್ನು ತುರುಕದೆ ಪ್ರವಾಸವನ್ನು ಯೋಜಿಸಲಿ. ದಾನಿಗಳು ವಾಹನವನ್ನು ಕೊಡಿಸುವಾಗ ಚಾಲಕನ ವಿಶ್ರಾಂತಿಗೂ ವೆಚ್ಚವನ್ನು ಕೂಡಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು 'ಸಾವಿರದ ಒಂದು, ಸಾವಿರದ ಎರಡು' ಎಂದು ಎಣಿಸುವುದನ್ನು ಕಲಿಸಲಿ. ದಾಸೋಹವೆಂದರೆ ಅನ್ನವನ್ನು ನೀಡುವುದಷ್ಟೇ ಅಲ್ಲ. ಹಾದಿಯಲ್ಲಿ ಇನ್ನೊಬ್ಬನಿಗೆ ನೀಡುವ ಎಡೆಯೂ ದಾಸೋಹವೇ.